ಎಡಗೈಯ ಬರಹ

ಗಣಿತದ ಪರೀಕ್ಷೆಯಲ್ಲಿ ಇಪ್ಪತ್ತೈದು ಪ್ರಶ್ನೆಗೆ ಇಪ್ಪತ್ತೈದೂ ಸರಿಯುತ್ತರ ಬರೆದ ಹನ್ನೊಂದು ವರ್ಷದ ಹುಡುಗಿಗೆ ಸೊನ್ನೆ ಕೊಟ್ಟರು. ಉತ್ತರಪತ್ರಿಕೆಯ ನೆತ್ತಿಯಲ್ಲಿ ಕೆಂಪು ಶಾಯಿಯಿಂದ "ಹಂತಗಳಿಲ್ಲ. ನಕಲು" ಎಂದು ಬರೆದು, ತಾಯಿ ಬಂದು ಕಾಣಬೇಕೆಂದು ಚೀಟಿ ಕಳಿಸಿದರು.

ಶಾಲೆ ಬಿಟ್ಟ ಮೇಲೆ ಹುಡುಗಿ ನೇರ ತಾಯಿ ಕೆಲಸ ಮಾಡುವ ಬಟ್ಟೆ ಕಾರ್ಖಾನೆಗೆ ಬರುವುದು ರೂಢಿ. ಗೇಟಿನವನು ಕಂಡೂ ಕಾಣದವನ ಹಾಗೆ ಒಳಗೆ ಬಿಡುತ್ತಿದ್ದ. ಅವತ್ತು ಬಂದವಳು ಚೀಟಿ ಕೊಡಲಿಲ್ಲ. ಕಟಿಂಗ್ ಮೇಜಿನ ಪಕ್ಕ ನಿಂತು, ನೂರು ಪದರ ಬಟ್ಟೆಯ ಮೇಲೆ ಹಾಸಿದ್ದ ಅಂಗಿಯ ಭಾಗಗಳ ಅಚ್ಚಿನ ಕಾಗದಗಳನ್ನು ನೋಡುತ್ತಾ ಒಂದು ಕಾಲ ಮೇಲೆ ಮೆಲ್ಲಗೆ ಸುತ್ತತೊಡಗಿದಳು. ಯೋಚನೆ ಬಂದರೆ ಸುತ್ತುವುದು ಅವಳ ಚಾಳಿ. ಅದಕ್ಕೇ ಅಜ್ಜಿ ಅವಳಿಗೆ ಗಿರಗಿಟ್ಲೆ ಅಂತ ಹೆಸರಿಟ್ಟಿದ್ದಳು, ಊರೆಲ್ಲ ಅದೇ ಹೆಸರು ಹಿಡಿದಿತ್ತು.

"ಅಮ್ಮ, ಆ ಎರಡು ತೋಳನ್ನ ತಲೆಕೆಳಗು ಮಾಡಿ ಒಂದರೊಳಗೊಂದು ಕೂರಿಸಿದ್ರೆ, ಇಲ್ಲಿ ಇನ್ನೊಂದು ಕಾಲರ್ ಹಿಡಿಸುತ್ತೆ."

"ಏ ಗಿರಗಿಟ್ಲೆ, ನನ್ನ ಕುರ್ಚಿ ಮೇಲೆ ಕಣ್ಣು ಹಾಕ್ಬೇಡ ಕಣೇ," ಎಂದ ಕಟಿಂಗ್ ಮಾಸ್ಟರ್. ಮೂವತ್ತು ವರ್ಷದಿಂದ ಅದೇ ಮೇಜು ಕಾಯ್ದ ಮುದುಕ. ಹಾಗೆಂದವನೇ ಬಗ್ಗಿ, ತೋಳಿನ ಕಾಗದಗಳನ್ನು ತಿರುಗಿಸಿ ಇಟ್ಟ. ಕಾಲರ್ ಹಿಡಿಸಿತು. ಇನ್ನೊಂದು ಬೆರಳಗಲ ಜಾಗವೂ ಮಿಕ್ಕಿತು. ಮುದುಕ ಕನ್ನಡಕ ಹಣೆಗೇರಿಸಿ, "ನಿನ್ನ ಮಗಳ ತಲೆಯೊಳಗೆ ಏನು ಕೂತಿದೆಯಮ್ಮಾ?" ಎಂದು ತಾಯಿಯ ಮುಖ ನೋಡಿದ.

ತಾಯಿ ಎಡಗೈಗೆ ತೊಟ್ಟಿದ್ದ ಉಕ್ಕಿನ ಬಲೆಯ ಕೈಗವುಸು ಕಳಚಿದಳು. ಬಲಗೈ ಕತ್ತರಿಸುವ ಯಂತ್ರ ಹಿಡಿದರೆ, ಬಟ್ಟೆ ಒತ್ತಿ ಹಿಡಿಯುವ ಎಡಗೈಗೆ ಆ ಕವಚ. ಅಲಗು ತಪ್ಪಿದರೆ ಮೊದಲು ಹೋಗುವುದು ಎಡಗೈ ಬೆರಳೇ. ಆಗಲೇ ಗಿರಗಿಟ್ಲೆ ಬೆವರಿಗೆ ಒದ್ದೆಯಾಗಿದ್ದ ಚೀಟಿಯನ್ನು ಆ ಬರಿಗೈಯಲ್ಲಿಟ್ಟದ್ದು.

"ನಾನು ಯಾರದ್ದೂ ನೋಡ್ಲಿಲ್ಲ ಅಮ್ಮ."

"ಗೊತ್ತು ಬಿಡೇ."

ಗೊತ್ತಿತ್ತು. ಅವಳಿಗೆ ಗೊತ್ತಿದ್ದದ್ದು ಅಷ್ಟೇ ಅಲ್ಲ, ಅದೇ ತೊಂದರೆ.

ಗಿರಗಿಟ್ಲೆಗೆ ಅಂಕಿ ಒಲಿದಿತ್ತು, ಅಕ್ಷರ ಒಲಿದಿರಲಿಲ್ಲ. ಅಂಕಿಯನ್ನಾದರೂ ಹೇಗೋ ಒಂದೊಂದಾಗಿ ಚಿತ್ರದ ಹಾಗೆ ಕೂರಿಸುತ್ತಿದ್ದಳು. ಒಂದು ಸಾಲು ಬರೆಯಲು ಕೊಟ್ಟರೆ ಅಕ್ಷರಗಳು ಸಂತೆಯಲ್ಲಿ ಕೈತಪ್ಪಿದ ಮಕ್ಕಳ ಹಾಗೆ ದಿಕ್ಕಾಪಾಲು. ಎರಡನೇ ತರಗತಿಯಲ್ಲಿ ಒಬ್ಬ ಟೀಚರು, ತಪ್ಪಾದ ಪದವನ್ನು ಐವತ್ತು ಸಲ ಬರೆದು ತಾ ಎನ್ನುತ್ತಿದ್ದರು. ದಿನಕ್ಕೆ ಹನ್ನೆರಡು ಪದ ತಪ್ಪಿದರೆ ಆರುನೂರು. ಮಗು ಬೆಳಿಗ್ಗೆ ಎದ್ದು ಪೆನ್ಸಿಲ್ ಹಿಡಿದರೆ ಬೆರಳು ಮಡಚುತ್ತಿರಲಿಲ್ಲ. ಮೂರನೇ ತರಗತಿಗೆ ಬರುವ ಹೊತ್ತಿಗೆ ನೋಟ್‌ಬುಕ್ ಕಂಡರೇ ವಾಂತಿ ಮಾಡುವ ಹಾಗಾಗಿತ್ತು. ಒಂದು ಮುಂಜಾನೆ, ಶಾಲೆಯ ಗಾಡಿಗೆ ಇನ್ನು ಇಪ್ಪತ್ತೇ ನಿಮಿಷ ಇರುವಾಗ, ತಾಯಿ ಪೆನ್ಸಿಲ್ ಕಿತ್ತುಕೊಂಡು ತಾನೇ ಬರೆದಳು. ಇವತ್ತೊಂದು ದಿನ ಅಂದುಕೊಂಡಳು. ಬಲಗೈಯಲ್ಲಿ ಬರೆದರೆ ದೊಡ್ಡವರ ಕೈಬರಹ ಅಂತ ಎದ್ದು ಕಾಣುತ್ತಿತ್ತು. ಎಡಗೈಗೆ ಬದಲಿಸಿದಳು. ಅಕ್ಷರಗಳು ಸ್ವಲ್ಪ ಓಲಾಡಿದವು, ಮಗುವಿನದೇ ಅನ್ನುವ ಹಾಗೆ.

ಆ ಒಂದು ದಿನಕ್ಕೆ ಈಗ ಮೂರು ವರ್ಷ ತುಂಬಿತ್ತು.

ಪ್ರತಿ ಮುಂಜಾನೆ ಒಲೆಯ ಮೇಲೆ ನೀರು ಕಾಯುವಷ್ಟರಲ್ಲಿ ಗಿರಗಿಟ್ಲೆ ಅಡುಗೆಮನೆಯಲ್ಲಿ ಸುತ್ತುತ್ತಾ ಉತ್ತರ ಹೇಳುವಳು, ತಾಯಿ ಮಣೆಯ ಮೇಲೆ ಕೂತು ಎಡಗೈಯಲ್ಲಿ ಬರೆಯುವಳು. "ನಡುವೆ ಏನಾಯ್ತು ಹೇಳೇ, ಬರೀ ಕೊನೆ ಹೇಳಿದ್ರೆ ನಿಮ್ಮ ಮೇಷ್ಟ್ರು ಒಪ್ಪಲ್ಲ" ಎಂದು ಗದರಿದರೆ, ಹುಡುಗಿ ಬೇಸರದಿಂದ ನಡುವಿನದ್ದನ್ನೂ ಹೇಳುತ್ತಿದ್ದಳು, ಮೂರು ವರ್ಷದ ಮಗುವಿಗೆ ಅಂಗಿ ತೊಡಿಸುವವರ ದನಿಯಲ್ಲಿ. ಉತ್ತರ ಅವಳದೇ, ಹಂತವೂ ಅವಳದೇ, ಬುದ್ಧಿಯೂ ಅವಳದೇ. ಕೈ ಮಾತ್ರ ತಾಯಿಯದು. ಇದರಲ್ಲಿ ಮೋಸವೇನು ಎಂದು ತಾಯಿ ತನಗೆ ತಾನೇ ಎಷ್ಟೋ ಸಲ ಕೇಳಿಕೊಂಡಿದ್ದಳು. ಕೇಳಿಕೊಳ್ಳುತ್ತಾ ಪುಟ ತಿರುಗಿಸಿದ್ದಳು.

ಎರಡು ತಿಂಗಳ ಹಿಂದೆ, ಮಕ್ಕಳ ಕಲಿಕೆಯ ತೊಡಕು ನೋಡುವ ಒಬ್ಬ ಡಾಕ್ಟರಮ್ಮನ ಹತ್ತಿರ ಹುಡುಗಿಯನ್ನು ಕರೆದೊಯ್ದಳು. ಡಾಕ್ಟರಮ್ಮ ಒಂದು ಇಡೀ ಬೆಳಿಗ್ಗೆ ಅವಳ ಜೊತೆ ಕೂತು, ಆಮೇಲೆ ಹೊರಗೆ ಬಂದು, ಕೈತೊಳೆದುಕೊಳ್ಳುವವರ ಹಾಗೆ ಎರಡು ಮಾತು ಹೇಳಿ ಕಳಿಸದೆ, ಕುರ್ಚಿ ಎಳೆದುಕೊಂಡು ಕೂತು ಹೇಳಿದರು. "ನೋಡಮ್ಮಾ, ಇವಳ ಯೋಚನೆ ಇವಳ ವಯಸ್ಸಿಗಿಂತ ನಾಲ್ಕು ವರ್ಷ ಮುಂದಿದೆ. ಬರವಣಿಗೆ ನಾಲ್ಕು ವರ್ಷ ಹಿಂದಿದೆ. ಎರಡೂ ನಿಜ. ಒಂದನ್ನ ತೋರಿಸಿ ಇನ್ನೊಂದನ್ನ ಇಲ್ಲ ಅನ್ನೋಕಾಗಲ್ಲ. ಪರೀಕ್ಷೆಗೆ ಬರೆದುಕೊಡೋ ಒಬ್ಬರು ಬೇಕು, ಲೆಕ್ಕ ಇನ್ನೂ ಕಷ್ಟದ್ದು ಕೊಡಬೇಕು." ನಾಲ್ಕು ಪುಟ ವರದಿ ಬರೆದುಕೊಟ್ಟರು.

ಆ ವರದಿ ಹಿಡಿದು ಹೋದರೆ ಶಾಲೆಯ ಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟರು. ಅರ್ಜಿಯಲ್ಲಿ ಎರಡು ಚೌಕ. ಒಂದು ಹಿಂದುಳಿದವರಿಗೆ, ಒಂದು ಮುಂದಿರುವವರಿಗೆ. "ಎರಡಕ್ಕೂ ಗುರುತು ಹಾಕಿದ್ರೆ ಕಂಪ್ಯೂಟರ್ ತಗೊಳಲ್ಲಮ್ಮಾ," ಎಂದ ಗುಮಾಸ್ತ. ಬರೆದುಕೊಡುವವರು ಬೇಕಾದರೆ ವರ್ಷದ ಸರಾಸರಿ ನಲವತ್ತಕ್ಕಿಂತ ಕಡಿಮೆ ಇರಬೇಕು. ಗಿರಗಿಟ್ಲೆಯದು ಅರವತ್ತೊಂದು. ಕಷ್ಟದ ಲೆಕ್ಕ ಕಲಿಸುವ ತರಗತಿಗೆ ಹೋಗಬೇಕಾದರೆ ಬರೆಯುವ ಪರೀಕ್ಷೆಯಲ್ಲಿ ಎಂಬತ್ತು ಬರಬೇಕು. ಗಿರಗಿಟ್ಲೆಗೆ ಬಂದದ್ದು ಇಪ್ಪತ್ತೆರಡು.

ಅರವತ್ತೊಂದು ಎಲ್ಲಿಂದ ಬಂತು? ವರ್ಷದ ಅಂಕದಲ್ಲಿ ಅರ್ಧ ಹೋಂವರ್ಕಿನ ನೋಟ್‌ಬುಕ್ಕಿಗೆ. ಗಿರಗಿಟ್ಲೆಯ ನೋಟ್‌ಬುಕ್ಕಿಗೆ ಯಾವತ್ತೂ ಪೂರ್ತಿ ಅಂಕ.

ಅವತ್ತು ಕಚೇರಿಯ ಮೆಟ್ಟಿಲಿಳಿಯುವಾಗ ತಾಯಿಗೆ ತಾನು ಮಾಡಿದ್ದು ಏನೆಂದು ಹೊಳೆಯಿತು. ಮಗಳು ಬೀಳದಿರಲಿ ಅಂತ ಮೂರು ವರ್ಷದಿಂದ ಎಡಗೈ ಕೊಟ್ಟು ಹಿಡಿದದ್ದು, ಅವಳ ಸುತ್ತ ಗೋಡೆ ಕಟ್ಟಿತ್ತು. ಬಾಗಿಲಿಗೆ ಜಾಗ ಬಿಟ್ಟಿರಲಿಲ್ಲ.

ಚೀಟಿ ಬಂದ ಮರುದಿನ ಹೆಡ್‌ಮೇಡಂ ಕೋಣೆ. ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ವೇಳಾಪಟ್ಟಿ, ಗೋಡೆಗೆ ಬಹುಮಾನ ಗೆದ್ದ ಮಕ್ಕಳ ಫೋಟೋ. ಕಿಟಕಿಯಾಚೆ ನೀರಿನ ಟ್ಯಾಂಕಿನ ಪಕ್ಕ ತಗಡಿನ ಮಾಡಿನ ಒಂದು ಕೋಣೆ ಕಾಣುತ್ತಿತ್ತು. ಅದು ವಿಶೇಷ ವಿಭಾಗ. ಅಲ್ಲಿ ಹದಿನಾಲ್ಕು ಮಕ್ಕಳು ಬೆಳಿಗ್ಗೆಯಿಂದ ಸಂಜೆವರೆಗೆ ಮಣಿ ಪೋಣಿಸುತ್ತಿದ್ದರು, ಚುಕ್ಕಿ ಸೇರಿಸುತ್ತಿದ್ದರು. ಅಲ್ಲಿಗೆ ಹೋದವರು ವಾಪಸು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಅಲ್ಲಿ ಲೆಕ್ಕವೆಂದರೆ ಇಪ್ಪತ್ತರವರೆಗೆ ಕೂಡುವುದು.

ತಾಯಿ ಕಾರ್ಖಾನೆಯ ನೀಲಿ ಕೋಟಿನಲ್ಲೇ ಬಂದಿದ್ದಳು. ಎಡಗೈ ಕೋಟಿನ ಜೇಬಿನಲ್ಲಿತ್ತು. ಲೆಕ್ಕದ ಮೇಷ್ಟ್ರು ಬಾಗಿಲ ಪಕ್ಕ ನಿಂತಿದ್ದರು, ಇನ್ನೂ ಮೀಸೆ ಸರಿಯಾಗಿ ಮೂಡದ ಹೊಸ ಮೇಷ್ಟ್ರು.

"ನಾನು ಪ್ರಶ್ನೆಗಳನ್ನ ಒಂದ್ಸಲ ಗಟ್ಟಿಯಾಗಿ ಓದ್ತೀನಿ ಮೇಡಂ, ಆಮೇಲೆ ಮಕ್ಕಳು ಬರೀತಾರೆ. ನಾನು ಓದಿ ಮುಗಿಸೋ ಹೊತ್ತಿಗೆ ಇವಳದು ಮುಗಿದಿತ್ತು. ಬರೀ ಉತ್ತರ. ಒಂದು ಹಂತ ಇಲ್ಲ."

"ಬೇರೆ ಯಾರಿಗಾದ್ರೂ ಇಪ್ಪತ್ತೈದಕ್ಕೆ ಇಪ್ಪತ್ತೈದು ಬಂದಿದೆಯಾ ಸರ್?" ಕೇಳಿದಳು ತಾಯಿ.

ಮೇಷ್ಟ್ರು ಹೆಡ್‌ಮೇಡಂ ಕಡೆ ನೋಡಿದರು. "ಇಲ್ಲ. ಇವಳ ಬಿಟ್ರೆ ಜಾಸ್ತಿ ಅಂದ್ರೆ ಹತ್ತೊಂಬತ್ತು."

"ಹಾಗಾದ್ರೆ ಇವಳು ಯಾರನ್ನ ನೋಡಿ ಬರೆದಳು?"

ಹೆಡ್‌ಮೇಡಂ ಉತ್ತರಪತ್ರಿಕೆಯನ್ನು ಗಾಜಿನ ಮೇಲೆ ಮಗುಚಿಟ್ಟರು.

"ಅದನ್ನ ಅವಳೇ ಬರೆದು ತಿಳಿಸಲಿ," ಎಂದರು ಹೆಡ್‌ಮೇಡಂ.

ಗಿರಗಿಟ್ಲೆಗೆ ನಗು ಬಂದುಬಿಟ್ಟಿತು. ತಾಯಿ ಅವಳ ಬೆನ್ನು ಚಿವುಟಿದಳು.

"ಬಾಯಲ್ಲಿ ಕೇಳಿ ಮೇಡಂ," ಎಂದಳು ತಾಯಿ. "ಈಗಲೇ ಏನಾದ್ರೂ ಕೇಳಿ."

ಮೇಷ್ಟ್ರು ಕೆಮ್ಮಿದರು. "ಒಂದು ನಲ್ಲಿ ತೊಟ್ಟಿಯನ್ನ ಆರು ಗಂಟೆಯಲ್ಲಿ ತುಂಬುತ್ತೆ. ಇನ್ನೊಂದು ನಲ್ಲಿ ಮೂರು ಗಂಟೆಯಲ್ಲಿ. ಎರಡೂ ಒಟ್ಟಿಗೆ ಬಿಟ್ರೆ..."

"ಎರಡು ಗಂಟೆ," ಎಂದಳು ಗಿರಗಿಟ್ಲೆ.

"ಹೇಗೆ?"

"ಎರಡನೇ ನಲ್ಲಿ ಜೋರು ಸರ್. ಅದು ಅಂದ್ರೆ ಮೊದಲನೇ ತರದ್ದು ಎರಡು ನಲ್ಲಿ ಇದ್ದಂಗೆ. ಆಗ ಒಟ್ಟು ಮೂರು ನಲ್ಲಿ ಆಯ್ತಲ್ಲ, ಒಬ್ಬ ಆರು ಗಂಟೆ ಮಾಡೋ ಕೆಲಸ ಮೂರು ಜನ ಮಾಡಿದ್ರೆ ಎರಡು ಗಂಟೆ."

ಮೇಷ್ಟ್ರ ಬಾಯಿ ಸ್ವಲ್ಪ ತೆರೆದೇ ಇತ್ತು. ಈ ಲೆಕ್ಕವನ್ನು ಅವರು ತಾವು ಕಲಿತಂತೆ ಒಂಬತ್ತು ಸಾಲಿನಲ್ಲಿ ಕಲಿಸುತ್ತಿದ್ದರು. "ಮೇಡಂ, ಇದು..." ಎಂದು ಶುರುಮಾಡಿದರು.

"ಬಾಯಲ್ಲಿ ಹೇಳಿದ್ದು ಫೈಲಿಗೆ ಹೋಗಲ್ಲ ಮೇಷ್ಟ್ರೇ." ಹೆಡ್‌ಮೇಡಂ ಡ್ರಾಯರಿನಿಂದ ನೋಟ್‌ಬುಕ್ಕುಗಳ ಕಟ್ಟು ತೆಗೆದು ಗಾಜಿನ ಮೇಲಿಟ್ಟರು. ಕಂದು ಹೊದಿಕೆ, ಮೂಲೆ ಮಡಚದ ಹಾಳೆ. ಒಂದನ್ನು ತೆರೆದು ತಾಯಿಯ ಕಡೆ ತಿರುಗಿಸಿದರು. "ನೋಡಿಮ್ಮಾ. ಎಷ್ಟು ಮುದ್ದಾಗಿ ಬರೆದಿದ್ದಾಳೆ. ಹಂತ ಹಂತವಾಗಿ. ಮನೇಲಿ ಇಷ್ಟು ಚೆನ್ನಾಗಿ ಬರೆಯೋಳು ಇಲ್ಲಿ ಯಾಕೆ ಬರೆಯಲ್ಲ? ಒಂದೋ ಸೋಮಾರಿತನ, ಇಲ್ಲಾ ಕಳ್ಳತನ. ಇಂಥಾ ಕೈಬರಹ ಇಟ್ಕೊಂಡು ಬರೆಯೋಕೆ ಜನ ಬೇಕು ಅಂತ ಡಾಕ್ಟರ್ ಚೀಟಿ ತರ್ತೀರಲ್ಲ, ನಾನು ಏನಂತ ತಿಳ್ಕೊಳ್ಳಲಿ?"

ಜೇಬಿನೊಳಗೆ ಎಡಗೈ ಮುಷ್ಟಿ ಕಟ್ಟಿತು. ಮಗಳು ತಾಯಿಯ ಮುಖ ನೋಡಲಿಲ್ಲ. ಗಾಜಿನ ಕೆಳಗಿನ ವೇಳಾಪಟ್ಟಿ ನೋಡುತ್ತಿದ್ದಳು. ಅವಳ ಕಾಲು ಸುತ್ತುವುದನ್ನು ನಿಲ್ಲಿಸಿತ್ತು.

ಮೂರು ವರ್ಷದ ನೋಟ್‌ಬುಕ್ಕು ಬೇರೆಯವರು ಬರೆದದ್ದು ಅಂತ ಗೊತ್ತಾದರೆ ಶಾಲೆಯಿಂದಲೇ ತೆಗೆಯುತ್ತಾರೆ ಎಂದು ನಿಯಮದ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ತಾಯಿ ಅದನ್ನು ಓದಿದ್ದಳು.

"ನಾಳೆ ಬೆಳಿಗ್ಗೆ ಒಳಗೆ ಇವಳು ಬರೆದುಕೊಡಬೇಕು. 'ನಾನು ನಕಲು ಮಾಡಿದೆ, ಇನ್ನು ಮಾಡುವುದಿಲ್ಲ.' ತನ್ನ ಕೈಯಲ್ಲೇ. ನೀವು ಕೆಳಗೆ ಸಹಿ ಹಾಕಿ. ಕೊಟ್ರೆ ತರಗತಿಯಲ್ಲಿ ಮುಂದುವರೀತಾಳೆ. ಕೊಡದಿದ್ರೆ..." ಹೆಡ್‌ಮೇಡಂ ಕಿಟಕಿ ಕಡೆ ನೋಡಿದರು. ಮುಂದಿನದ್ದನ್ನು ಹೇಳುವ ಕೆಲಸ ತಗಡಿನ ಮಾಡಿಗೆ ಬಿಟ್ಟರು.

ಹೊರಗೆ ಮೊಗಸಾಲೆಯಲ್ಲಿ ಮೇಷ್ಟ್ರು ಹಿಂದೆ ಬಂದರು. "ಅಕ್ಕಾ, ನಕಲು ಅಂತ ಬರೆದದ್ದು ನನ್ನದೇ ತಪ್ಪು. ಆದ್ರೆ ಈಗ ಅಳಿಸೋಕೆ ಅವರು ಬಿಡಲ್ಲ. ನನ್ನ ಕೆಲಸಾನೂ ಇನ್ನೂ ಖಾಯಂ ಆಗಿಲ್ಲ." ಬಯ್ಯಲು ಇಷ್ಟು ಬಡಪಾಯಿ ಮುಖ ಸಿಕ್ಕಿದ್ದು ತಾಯಿಗೆ ಸಿಟ್ಟು ಬರಿಸಿತು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. ಗಂಡ ದೂರದ ಲಾರಿ ಓಡಿಸುವವನು, ತಿಂಗಳಲ್ಲಿ ನಾಲ್ಕು ದಿನ ಮನೆ. ಮಿಕ್ಕ ದಿನಕ್ಕೆಲ್ಲ ಅತ್ತೆಯೇ ಯಜಮಾನಿ.

"ಬರೆದು ಬಿಸಾಕಿ ಬರಬಾರದಾಗಿತ್ತಾ? ಒಂದು ಸಾಲು. ಮೂರು ವರ್ಷ ಬರೆದೋಳಿಗೆ ಒಂದು ಸಾಲು ಭಾರವಾಯ್ತಾ?"

"ಅಜ್ಜಿ, ನಾನು ನಕಲು ಮಾಡಿಲ್ಲ," ಎಂದಳು ಗಿರಗಿಟ್ಲೆ.

"ಮಾಡಿಲ್ಲ ಅಂತ ನಂಗೂ ಗೊತ್ತು, ಆ ಕೆಲಸಕ್ಕೆ ಪಕ್ಕದವರದ್ದು ಓದೋಕೆ ಬರಬೇಕಲ್ಲ ನಿಂಗೆ," ಎಂದಳು ಅಜ್ಜಿ. ಮೂವರೂ ನಕ್ಕರು. ಅಜ್ಜಿ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತಾ ಕೂತಳು. ಹಚ್ಚುತ್ತಲೇ ಕಣ್ಣೊರೆಸಿಕೊಂಡು, ಎಣ್ಣೆ ಕಣ್ಣಿಗೆ ಹೋಗಿ ಇನ್ನಷ್ಟು ಅತ್ತಳು.

ಮರುದಿನ ಮುಂಜಾನೆ ಒಲೆಯ ಮೇಲೆ ನೀರಿಟ್ಟು ತಾಯಿ ಮಣೆಯ ಮೇಲೆ ಕೂತಳು. ಗೆರೆಯ ಹಾಳೆ ಒಂದು ಹರಿದುಕೊಂಡಳು. ರೂಢಿಯಂತೆ ಪೆನ್ನು ತಾನಾಗಿಯೇ ಎಡಗೈಗೆ ಹೋಯಿತು. "ನಾನು" ಎಂದು ಬರೆದಳು. ಓಲಾಡುವ, ಮುದ್ದಾದ, ಮಗಳದ್ದಲ್ಲದ ಮಗಳ ಅಕ್ಷರ.

ಬಾಗಿಲಲ್ಲಿ ಗಿರಗಿಟ್ಲೆ ನಿಂತಿದ್ದಳು. ಸುತ್ತುತ್ತಿರಲಿಲ್ಲ.

"ಅದನ್ನೂ ನೀನೇ ಬರೀತೀಯಾ?"

ತಾಯಿ ಪೆನ್ನು ಎತ್ತಲಿಲ್ಲ, ಮುಂದೆಯೂ ಸರಿಸಲಿಲ್ಲ. "ನಿನ್ನನ್ನ ಆ ತಗಡಿನ ಕೋಣೆಗೆ ಹಾಕ್ತಾರೆ ಕಣೇ."

"ಬರೆದ್ರೆ?"

"ಬರೆದ್ರೆ ಇಲ್ಲೇ ಇರ್ತೀಯ."

"ಇದ್ದು?" ಹುಡುಗಿ ಬೆರಳು ಮಡಚಿ ಎಣಿಸಿದಳು. "ಮುಂದಿನ ಪರೀಕ್ಷೆಗೂ ಬರೀ ಉತ್ತರ ಬರೀತೀನಿ. ಅದಕ್ಕೂ ಸೊನ್ನೆ. ಅದಕ್ಕೂ ಕಾಗದ ಬರೆದುಕೊಡ್ತೀಯ. ವರ್ಷಕ್ಕೆ ನಾಲ್ಕು. ಶಾಲೆ ಮುಗಿಯೋಕೆ ಇನ್ನು ಐದು ವರ್ಷ. ಇಪ್ಪತ್ತು ಸಲ ನಾನು ಕಳ್ಳಿ ಅಂತ ಬರೀಬೇಕು ನೀನು."

ಒಲೆಯ ಮೇಲೆ ನೀರು ಕುದಿದು ಚೆಲ್ಲಿತು. ಇಬ್ಬರೂ ಏಳಲಿಲ್ಲ. ಆಮೇಲೆ ತಾಯಿ ಆ ಹಾಳೆಯನ್ನು ನಾಲ್ಕಾಗಿ ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡಳು. ಒಂದೇ ಪದದ ಹಾಳೆ.

ಹೆಡ್‌ಮೇಡಂ ಕೋಣೆಯಲ್ಲಿ ನೋಟ್‌ಬುಕ್ಕುಗಳು ನಿನ್ನೆ ಇಟ್ಟಲ್ಲೇ ಇದ್ದವು. ಮೇಷ್ಟ್ರನ್ನೂ ಕರೆಸಿದ್ದರು, ಸಾಕ್ಷಿಗೆ.

"ತಂದ್ರಾ?"

"ತಂದಿದ್ದೀನಿ." ತಾಯಿ ಕೂತಳು. ಯಾರೂ ಕೂರಲು ಹೇಳಿರಲಿಲ್ಲ. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಮಡಚಿದ ಹಾಳೆ ಬಿಚ್ಚಿ, ಎಡಗೈಯಲ್ಲಿ ಪೆನ್ನು ಹಿಡಿದು, "ನಾನು" ಎಂಬುದರ ಮುಂದೆ ನಿಧಾನವಾಗಿ ಬರೆದಳು: ಇವಳ ತಾಯಿ. ಈ ನೋಟ್‌ಬುಕ್ಕುಗಳನ್ನು ಬರೆದವಳು. ಹೇಳಿದವಳು ಇವಳು.

ಹಾಳೆಯನ್ನು ತೆರೆದ ನೋಟ್‌ಬುಕ್ಕಿನ ಪಕ್ಕ ಸರಿಸಿಟ್ಟಳು. ಕೈಬರಹ ಒಂದೇ. ಅದನ್ನು ನೋಡಲು ಕನ್ನಡಕ ಬೇಕಿರಲಿಲ್ಲ.

"ಅಮ್ಮ," ಎಂದಳು ಗಿರಗಿಟ್ಲೆ, ಉಸಿರಿನಲ್ಲಿ.

"ಇವಳಿಗೆ ಬರೆಯೋಕೆ ಬರಲ್ಲ ಮೇಡಂ. ಇಲ್ಲಿವರೆಗೂ ಬಂದಿಲ್ಲ. ಬೆರಳು ಊದಿಕೊಂಡಾಗ ನಾನು ಪೆನ್ಸಿಲ್ ಕಿತ್ಕೊಂಡೆ. ನೀವು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಅರವತ್ತೊಂದರಲ್ಲಿ ನನ್ನ ಕೈಯದ್ದು ಕಳೀರಿ. ನಲವತ್ತಕ್ಕೆ ಕಡಿಮೆ ಆಗುತ್ತೆ. ಆಗ ಬರೆಯೋಕೆ ಒಬ್ಬರನ್ನ ಕೊಡಬೇಕಾಗುತ್ತೆ ನೀವು. ತಪ್ಪು ನಂದು, ಶಿಕ್ಷೆ ಏನಿದ್ರೂ ನಂಗೆ ಕೊಡಿ."

ಹೆಡ್‌ಮೇಡಂ ಹಾಳೆಯನ್ನು ಎತ್ತಿ ಹಿಡಿದು ನೋಡಿದರು, ನೋಟ್‌ಬುಕ್ ನೋಡಿದರು, ಮತ್ತೆ ಹಾಳೆ. ಅವರ ಮುಖದಲ್ಲಿ ಸಿಟ್ಟು ಬರಬಹುದೆಂದು ತಾಯಿ ಕಾದಿದ್ದಳು. ಸಿಟ್ಟು ಬರಲಿಲ್ಲ. ಅದಕ್ಕಿಂತ ತಣ್ಣಗಿನದೇನೋ ಬಂತು. ಅವರು ಎದ್ದು ಬಾಗಿಲು ಮುಚ್ಚಿ ಬಂದು ಕೂತರು.

"ನೋಡಿಮ್ಮಾ, ಇದು ಹೊರಗೆ ಹೋದ್ರೆ ಮೂರು ವರ್ಷದ ಅಂಕಪಟ್ಟಿ ತಿದ್ದಬೇಕು. ಮೂವರು ಟೀಚರಿಗೆ ನೋಟಿಸು. ಮೇಲಿನವರು ತಪಾಸಣೆಗೆ ಬರ್ತಾರೆ. ನಿಮ್ಮ ಮಗಳೂ ಉಳಿಯಲ್ಲ." ದನಿ ತಗ್ಗಿತು, ಹೆಚ್ಚುಕಡಿಮೆ ಅಕ್ಕರೆಯ ದನಿ. "ಈ ಹಾಳೆ ನಾನು ನೋಡೇ ಇಲ್ಲ ಅಂದ್ಕೊಳ್ಳಿ." ಅದನ್ನು ಎರಡಾಗಿ, ನಾಲ್ಕಾಗಿ ಹರಿದು ಕಸದ ಬುಟ್ಟಿಗೆ ಹಾಕಿದರು. ಹೊಸದೊಂದು ಹಾಳೆ ಎಳೆದು ತಾಯಿಯ ಮುಂದಿಟ್ಟರು. "ಅದೇ ಕೈಯಲ್ಲಿ ಬರೆದುಕೊಡಿ. ನಾನು ನಕಲು ಮಾಡಿದೆ, ಅಂತ. ನೋಟ್‌ಬುಕ್ಕಿಗೆ ಹೊಂದುತ್ತೆ. ಫೈಲಿಗೆ ಒಂದು ಕಾಗದ ಬೇಕಷ್ಟೆ."

ಮೇಷ್ಟ್ರು ತಲೆ ಎತ್ತಿ ಹೆಡ್‌ಮೇಡಂ ಮುಖ ನೋಡಿದರು. ಆಮೇಲೆ ನೆಲ ನೋಡಿದರು.

ತಾಯಿಗೆ ಒಮ್ಮೆಲೇ ಎಲ್ಲ ಅರ್ಥವಾಯಿತು. ಹುಡುಗಿಗೆ ಬರೆಯಲು ಬರುವುದಿಲ್ಲ ಅಂತ ಈ ಹೆಂಗಸಿಗೆ ಈಗ ಗೊತ್ತು. ಕದ್ದಿಲ್ಲ ಅಂತಲೂ ಗೊತ್ತು. ನಿನ್ನೆಯವರೆಗೆ ನಂಬದೆ ಮಾಡಿದ್ದನ್ನು ಇವತ್ತು ತಿಳಿದೇ ಮಾಡುತ್ತಿದ್ದಾಳೆ. ಬರೆಯಲು ಒಬ್ಬರನ್ನು ಕೊಡಿ ಎಂದರೆ ನಿಯಮವಿಲ್ಲ. ಕಳ್ಳಿ ಎಂದು ಬರೆಯಲು ಮಾತ್ರ ಬೇರೆಯವರ ಕೈ ನಡೆಯುತ್ತದೆ.

"ಬೇಗ ಬರೀರಿ, ಗಂಟೆ ಹೊಡೆಯುತ್ತೆ. ಇಲ್ಲಾಂದ್ರೆ ಇವಳ ಚೀಲ ತಗೊಂಡು ಆ ಕಡೆ ಕೋಣೆಗೆ ನಡೀರಿ. ಎರಡರಲ್ಲಿ ಒಂದು."

ತಾಯಿ ಪೆನ್ನು ಎಡಗೈಯಲ್ಲೇ ಹಿಡಿದಿದ್ದಳು. ನೂರು ಪದರ ಬಟ್ಟೆಯ ಮೇಲೆ ಯಂತ್ರ ಇಳಿಸುವ ಮೊದಲು ಉಸಿರು ಬಿಗಿಹಿಡಿಯುವುದು ಅವಳ ಅಭ್ಯಾಸ. ಒಮ್ಮೆ ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲ, ಅದಕ್ಕೆ. ಈಗಲೂ ಹಾಗೇ ಉಸಿರು ಹಿಡಿದಳು. ಪೆನ್ನಿಗೆ ಮುಚ್ಚಳ ಹಾಕಿದಳು. ಹೊಸ ಹಾಳೆಯನ್ನು ಗಾಜಿನ ಮೇಲೆ ವಾಪಸು ತಳ್ಳಿದಳು.

"ಬರೆಯಲ್ಲ."

"ಏನಂದ್ರಿ?"

"ಬರೆಯಲ್ಲ ಅಂದೆ. ಈ ಕೈಲೂ ಬರೆಯಲ್ಲ, ಆ ಕೈಲೂ ಬರೆಯಲ್ಲ."

"ಹಾಗಾದ್ರೆ ಎದ್ದು ಕರ್ಕೊಂಡು ಹೋಗಿ ಇವಳನ್ನ, ಹಿಂದಿನ ಕೋಣೆಗೆ. ಮೇಷ್ಟ್ರೇ, ಚೀಲ ತಗೊಳ್ಳಿ."

ಮೇಷ್ಟ್ರು ಕದಲಲಿಲ್ಲ. ಹೊರಗೆ ಗಂಟೆ ಹೊಡೆಯಿತು, ಮೊಗಸಾಲೆಯ ತುಂಬ ಕಾಲ ಸಪ್ಪಳ. ತಾಯಿ ಕುರ್ಚಿಯನ್ನು ಸ್ವಲ್ಪ ಸರಿಸಿ, ಪಕ್ಕದ ಕುರ್ಚಿ ಎಳೆದು ಗಿರಗಿಟ್ಲೆಯನ್ನು ಅದರ ಮೇಲೆ ಕೂರಿಸಿದಳು. ಎಡಗೈಯನ್ನು ಜೇಬಿನಿಂದ ಹೊರಗೇ ಬಿಟ್ಟು, ಆ ನೋಟ್‌ಬುಕ್ಕುಗಳ ಕಟ್ಟಿನ ಮೇಲಿಟ್ಟಳು.

"ಏಳಲ್ಲ ಮೇಡಂ," ಎಂದಳು. "ನಾವು ಇಲ್ಲೇ ಕೂತಿರ್ತೀವಿ."